ಎಡಮಗ್ಗುಲು

ನಡುಕೋಣೆಯ ಬಾಗಿಲು ಹಾಕಿತ್ತು. ಮಧ್ಯಾಹ್ನ ಒಂದೂವರೆಗೆ ಅಂಗಡಿಯಿಂದ ಊಟಕ್ಕೆ ಬಂದ ಗುರುಪಾದ ಚಪ್ಪಲಿ ಬಿಡುವಾಗಲೇ ಅದನ್ನು ನೋಡಿದ. ನೋಡಿಯೂ ನೋಡದವನಂತೆ ಟೊಪ್ಪಿಗೆ ತೆಗೆದು ಗೂಟಕ್ಕೆ ಸಿಗಿಸಿ, ಪಡಸಾಲೆಯಲ್ಲಿ ಮುಚ್ಚಿಟ್ಟಿದ್ದ ತಾಟಿನ ಮುಂದೆ ಕುಳಿತ. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ವಾಟಿಯಲ್ಲಿ ಮೊಸರು, ಶೇಂಗಾ ಹಿಂಡಿ. ತಾಟಿನಲ್ಲಿ ಯಾವುದೂ ಕಡಿಮೆಯಿರಲಿಲ್ಲ. ಆದರೆ ಮಿರಜಿನ ಹಳೆಯ ಪೇಟೆಯ ಆ ಇಕ್ಕಟ್ಟಿನ ಮನೆಯಲ್ಲಿ ವೈಶಾಖದ ಬಿಸಿಲಿಗೆ ನಡುಕೋಣೆಯ ಬಾಗಿಲು ಹಾಕಿಕೊಂಡು ಯಾರೂ ಮಲಗುವಂತಿರಲಿಲ್ಲ. ಅದಕ್ಕಿದ್ದದ್ದು ಅಂಗೈಯಗಲದ ಒಂದು ಕಿಟಕಿ. ಗಾಳಿ ಬರುವುದಿದ್ದರೆ ಬಾಗಿಲಿನಿಂದಲೇ ಬರಬೇಕು. ಒಳಗೆ ಫ್ಯಾನು ಗರಗರ ಅನ್ನುತ್ತಿತ್ತು. ಒಳಗೆ ಮನಿಷಾ ಇದ್ದಳು, ಅವನ ಒಬ್ಬನೇ ಮಗ ಶುಭಮನ ಹೆಂಡತಿ, ಏಳು ತುಂಬಿ ಎಂಟರಲ್ಲಿ ಬಿದ್ದ ಬಸುರಿ. ಆ ಕುದಿಯಲ್ಲಿ ಬೆವೆತು ಮಲಗಿದ್ದಾಳೆ, ಅದು ನನ್ನಿಂದ, ಎಂದುಕೊಂಡ ಗುರುಪಾದ ಮುರಿದ ರೊಟ್ಟಿಯ ತುಣುಕನ್ನು ಪಲ್ಯದಲ್ಲಿ ಅದ್ದಿದವನು ಅಲ್ಲೇ ಬಿಟ್ಟ.

ನಿನ್ನೆ ಇದೇ ಹೊತ್ತು. ಊಟ ಮುಗಿಸಿ ಕೈ ತೊಳೆಯಲು ಎದ್ದಿದ್ದ. ಬಚ್ಚಲು ಹಿಂದುಗಡೆ, ಅಲ್ಲಿಗೆ ಹೋಗಬೇಕೆಂದರೆ ನಡುಕೋಣೆಯ ಬಾಗಿಲಿನ ಮುಂದೆಯೇ ಹಾಯಬೇಕು. ದಿನಾಲೂ ನೆಲ ನೋಡುತ್ತ ಹಾಯುತ್ತಿದ್ದವನು ನಿನ್ನೆ ಯಾಕೋ ತಲೆಯೆತ್ತಿದ. ಕಾಟಿನ ಮೇಲೆ ಮನಿಷಾ ಅಂಗಾತ ಮಲಗಿದ್ದಳು. ಬಾಯಿ ಅರ್ಧ ತೆರೆದಿತ್ತು, ಬಾತುಕೊಂಡ ಕಾಲಿನಲ್ಲಿ ಗೆಜ್ಜೆ ಒತ್ತಿ ಕೆಂಪಗೆ ಬರೆ ಮೂಡಿತ್ತು. ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈ ಕಾಟಿನ ಹೊರಗೆ. ಗುರುಪಾದನಿಗೆ ಡಾಕ್ಟರ ಮಾತು ನೆನಪಾಯಿತು. ಹೋದ ವಾರ ಶುಭಮನಿಗೆ ಕುಪವಾಡದ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ರಜೆ ಸಿಗದೆ ಸೊಸೆಯನ್ನು ರಿಕ್ಷಾದಲ್ಲಿ ದವಾಖಾನೆಗೆ ಅವನೇ ಕರೆದುಕೊಂಡು ಹೋಗಿದ್ದ. ಡಾಕ್ಟರ್ ಎಂದರೆ ಮೂವತ್ತು ದಾಟದ ಹುಡುಗಿ. ಅವನನ್ನು ಮನಿಷಾಳ ತಂದೆಯೆಂದೇ ತಿಳಿದು, ಬಾಬಾ ನೀವೂ ಒಳಗೆ ಬನ್ನಿ, ಕೇಳಿಸಿಕೊಳ್ಳಿ, ಮನೆಯವರಿಗೂ ಗೊತ್ತಿರಬೇಕು ಎಂದು ಮರಾಠಿಯಲ್ಲಿ ಕರೆದು ಕುರ್ಚಿ ತೋರಿಸಿದ್ದಳು. ಇನ್ನು ಮುಂದೆ ಅಂಗಾತ ಮಲಗಿ ನಿದ್ದೆ ಮಾಡಬಾರದು. ಬಸಿರಿನ ಭಾರ ಬೆನ್ನ ಹುರಿಯ ಪಕ್ಕದ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ, ಕೂಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಎಡಮಗ್ಗುಲಾಗಿ ಮಲಗಬೇಕು, ಬಲಮಗ್ಗುಲಾದರೂ ಅಡ್ಡಿಯಿಲ್ಲ. ಮೊಳಕಾಲ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಒಂದು, ಬೆನ್ನಿಗೆ ಒಂದು. ಹೇಳುತ್ತ ಹೇಳುತ್ತ ಡಾಕ್ಟರ್ ತನ್ನ ತೊಡೆ ತಟ್ಟಿ ತೋರಿಸಿದ್ದಳು. ಮನಿಷಾಳ ಕಿವಿ ಕೆಂಪಾಗಿತ್ತು. ಗುರುಪಾದ ಗೋಡೆಯ ಮೇಲಿನ ಔಷಧ ಕಂಪನಿಯ ಕ್ಯಾಲೆಂಡರನ್ನು ನೋಡಿದ, ಆಮೇಲೆ ಫೋನು ಬಂದಂತೆ ಕಿಸೆಗೆ ಕೈ ಹಾಕಿ ಹೊರಗೆ ಹೋಗಿ ನಿಂತಿದ್ದ.

ಎಬ್ಬಿಸಬೇಕು ಎನ್ನಿಸಿತು ನಿನ್ನೆ. ಹೇಗೆ? ಒಂದು ಸಲ ಕೆಮ್ಮಿದ. ಅವಳು ಅಲುಗಲಿಲ್ಲ. ಮಲಗಿದ ಸೊಸೆಯ ಬಾಗಿಲಲ್ಲಿ ನಿಂತು ಮಾವ ಏನೆಂದು ಕರೆಯಬೇಕು, ಮಗ್ಗುಲಾಗು ಎಂದು ಹೇಳಲು ಯಾವ ಬಾಯಿ ಬೇಕು ಎಂದು ಯೋಚಿಸುತ್ತಿರುವಾಗಲೇ ಅವಳ ಹೊಟ್ಟೆಯ ಬಲಬದಿಯಲ್ಲಿ, ತೆಳ್ಳನೆಯ ಬಟ್ಟೆಯಡಿ, ಏನೋ ಒಂದು ಉಬ್ಬಿತು. ಉಬ್ಬಿ, ನಿಧಾನಕ್ಕೆ ಜರುಗಿ, ಮತ್ತೆ ಅಡಗಿತು. ಹಿಮ್ಮಡವಿರಬೇಕು, ಇಲ್ಲ ಮೊಳಕೈ. ಅರವತ್ತನಾಲ್ಕು ವರ್ಷದ ಬಾಳಿನಲ್ಲಿ ಅವನು ಅದನ್ನು ಕಂಡಿರಲಿಲ್ಲ. ಅವನ ಹೆಂಡತಿ ಸುನಂದಾಬಾಯಿ, ನಾಲ್ಕು ವರ್ಷದ ಹಿಂದೆ ತೀರಿಕೊಂಡವಳು, ಎರಡು ಸಲ ಬಸುರಿಯಾಗಿದ್ದಳು. ಆ ಎರಡೂ ಸಲ ಅವಳ ಹೊಟ್ಟೆಯನ್ನು ಹಗಲಿನ ಬೆಳಕಿನಲ್ಲಿ ಅವನು ನೋಡಿದ್ದಿಲ್ಲ, ಅವಳು ಮಲಗಿದ್ದಾಗ ಅವಳ ಮುಖವನ್ನೂ ನೋಡಿದ್ದಿಲ್ಲ. ಇನ್ನೊಮ್ಮೆ ಅಲುಗಲಿ ಎಂದು ಕಾದ. ಎಷ್ಟು ಹೊತ್ತು? ಎರಡು ನಿಮಿಷ ಎಂದು ರಾತ್ರಿಯೆಲ್ಲ ತನಗೆ ತಾನೇ ಹೇಳಿಕೊಂಡಿದ್ದ. ಆದರೆ ಕೈಗೆ ಹತ್ತಿದ ಎಂಜಲು ಒಣಗಿ ಬೆರಳು ಬಿಗಿದುಕೊಂಡಿದ್ದವು, ಎರಡು ನಿಮಿಷಕ್ಕೆ ಎಂಜಲು ಹಾಗೆ ಒಣಗುವುದಿಲ್ಲ. ಕೂಸನ್ನಷ್ಟೇ ನೋಡಿದೆನೇ? ಅವಳ ಕುತ್ತಿಗೆಯ ಬೆವರನ್ನೂ ನೋಡಿದ್ದ, ಕಾಲಿನ ಬರೆಯನ್ನೂ ನೋಡಿದ್ದ. ನೋಡುತ್ತಿದ್ದದ್ದು ಸೊಸೆಯನ್ನೋ, ಅವಳ ವಯಸ್ಸಿನಲ್ಲಿದ್ದ ಸುನಂದಾಳನ್ನೋ ಎಂದು ಈಗ ಕೇಳಿಕೊಂಡರೆ ಉತ್ತರ ಸಿಗುತ್ತಿರಲಿಲ್ಲ. ಸುನಂದಾಳನ್ನು ಎಂದು ಹೇಳಿಕೊಳ್ಳುವುದು ಸುಲಭವಾಗಿತ್ತು, ಸುಲಭವಾಗಿದ್ದರಿಂದಲೇ ಅನುಮಾನ ಬರುತ್ತಿತ್ತು. ಅಷ್ಟರಲ್ಲಿ ಮನಿಷಾ ಕಣ್ಣು ತೆರೆದಿದ್ದಳು. ಕಿರುಚಲಿಲ್ಲ. ಓಢಣಿ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು. ಅವನು ಬಚ್ಚಲಿಗೆ ಹೋಗಿ ಕೈ ತೊಳೆದ, ಮತ್ತೆ ತೊಳೆದ, ನಳ ಬಂದ್ ಮಾಡಿ ಹಿತ್ತಿಲ ಬಾಗಿಲಿನಿಂದಲೇ ಹೊರಬಿದ್ದು ಗಲ್ಲಿ ಸುತ್ತಿ ಅಂಗಡಿಗೆ ಹೋದ. ರಾತ್ರಿ ಅವಳು ಅವನಿಗೆ ಬಡಿಸಲು ಬರಲಿಲ್ಲ. ಶುಭಮ ಬಡಿಸಿದ.

ಇವತ್ತು ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದ. ಬಾಗಿಲಿನ ಮುಂದೆ ಹಾಯಲು ಧೈರ್ಯ ಸಾಲದೆ ತಾಟಿನಲ್ಲೇ ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿ ಬಿಸಿಲಿಗೆ ಇಳಿದ.

ಅವನದು ಗಾದಿಯ ಅಂಗಡಿ. ಅಪ್ಪನ ಕಾಲದ್ದು. ಮುಂದೆ ಗಾದಿ, ದಿಂಬು, ಒರಗುವ ಲೋಡು. ಹಿಂದೆ ಅರಳೆ ಹಿಂಜುವ ಯಂತ್ರ, ಅದರ ಪಕ್ಕ ಎಪ್ಪತ್ತು ದಾಟಿದ ಜಟ್ಟೆಪ್ಪ. ಅಪ್ಪನ ಕಾಲದಿಂದಲೂ ಅಲ್ಲೇ ಕುಳಿತು ದಬ್ಬಣ ಹಿಡಿದವನು, ಹುಬ್ಬಿನ ಮೇಲೂ ಅರಳೆ ಕುಳಿತವನು. ಅಪ್ಪ ಸತ್ತ ಮೇಲೂ ಜಟ್ಟೆಪ್ಪನ ಎದುರು ಗುರುಪಾದನಿಗೆ ತಾನಿನ್ನೂ ಸಣ್ಣವನೆಂಬ ಸಂಕೋಚ ಹೋಗಿರಲಿಲ್ಲ. ಹಣದ ಗಲ್ಲೆಯ ಮುಂದೆ ಕುಳಿತು ಒಂದು ಲೋಟ ನೀರು ಕುಡಿದು, ಎದ್ದು ಹಿಂದೆ ಹೋದ.

“ಜಟ್ಟೆಪ್ಪಾ, ಒಂದು ಉದ್ದನ ದಿಂಬ ಆಗಬೇಕು. ಇವತ್ತ ಆಗಬೇಕು.”

“ಲೋಡೇನ್ರಿ?”

“ಲೋಡಲ್ಲ. ಲೋಡಿನಂಗ ಬಿರಸ ಇರಬಾರದು. ಮೆತ್ತಗ ಇರಬೇಕು. ಬೂರುಗದ ಅರಳಿ ಹಾಕು.”

“ಉದ್ದ ಎಷ್ಟ್ರಿ?”

ಗುರುಪಾದ ಒಂದು ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಇನ್ನೊಂದನ್ನು ಮೊಳಕಾಲಿನ ಹತ್ತಿರ ತಂದ. ತಾನು ತೋರಿಸುತ್ತಿರುವುದು ಏನೆಂದು ಹೊಳೆದು ಕೈ ಇಳಿಬಿಟ್ಟ.

“ಯಾರಿಗ್ರಿ?” ಎಂದ ಜಟ್ಟೆಪ್ಪ.

“ಗಿರಾಕಿ ಹೇಳ್ಯಾರ.”

ಜಟ್ಟೆಪ್ಪ ಪಟ್ಟಾಪಟ್ಟಿ ಬಟ್ಟೆಯ ಥಾನು ಬಿಚ್ಚಿ ನೆಲಕ್ಕೆ ಹಾಸಿದ. ಮೊಳ ಹಾಕಿ ಅಳೆದ. ಕತ್ತರಿ ಹಾಕುವ ಮೊದಲು, ತಲೆ ಎತ್ತದೆಯೇ ಹೇಳಿದ: “ಈ ಅಳತಿದು ಒಂದ ಸಲ ಮಾಡೇನ್ರಿ ನಾ. ಸುನಂದಕ್ಕಾರಿಗಂತ. ನೀವ ಅದನ್ನ ಸಾಂಗ್ಲಿ ಗಿರಾಕಿಗೆ ಕೊಟ್ಟಬಿಟ್ರಿ.”

ಯಂತ್ರ ನಿಂತಿತ್ತು, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮೂವತ್ತೆಂಟು ವರ್ಷದ ಆ ಮಾತನ್ನು ತಾನೊಬ್ಬನೇ ಇಟ್ಟುಕೊಂಡಿದ್ದೇನೆ ಎಂದು ಗುರುಪಾದ ತಿಳಿದಿದ್ದ. ಸುನಂದಾ ಆಗ ಮೊದಲ ಸಲದ ಬಸುರಿ. ಮಿರಜ ಪೇಟೆಯಲ್ಲಿ ಗಾದಿಯವರ ಮನೆ ಎಂದೇ ಹೆಸರಾದ ಮನೆಯ ಸೊಸೆ ಅಡಿಗೆಮನೆಯ ಫರ್ಶಿಕಲ್ಲಿನ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಹಗಲೊತ್ತು ಸೊಸೆ ಗಾದಿಯ ಮೇಲೆ ಕಾಲು ಚಾಚುವುದು ಅವ್ವನಿಗೆ ಸರಿಬರುತ್ತಿರಲಿಲ್ಲ. ಮಗ್ಗುಲಾದರೆ ಸೊಂಟದ ಎಲುಬು ನೆಲಕ್ಕೆ ಒತ್ತುತ್ತದೆ, ಅದಕ್ಕೇ ಅಂಗಾತ ಮಲಗುತ್ತೇನೆ, ಅಂಗಾತ ಮಲಗಿದರೆ ಉಸಿರು ಸಿಗುವುದಿಲ್ಲ, ಒಂದು ಉದ್ದನ ದಿಂಬು ತರ್ರಿ ಎಂದು ಅವಳು ಕೇಳಿದ್ದು ಒಂದೇ ಸಲ, ಅದೂ ನೀರಿನ ತಂಬಿಗೆ ಕೊಡುವಾಗ, ಬೇರೆ ಕಡೆ ನೋಡುತ್ತ. ಅವನು ಜಟ್ಟೆಪ್ಪನಿಗೆ ಹೇಳಿ ಮಾಡಿಸಿದ್ದ. ದಿಂಬು ಎಂಟು ದಿನ ಅಂಗಡಿಯಲ್ಲೇ ಇತ್ತು. ಗಲ್ಲೆಯ ಮೇಲೆ ಅಪ್ಪ. ಬಗಲಲ್ಲಿ ದಿಂಬು ಹಿಡಿದು ಪೇಟೆಯ ನಡುವೆ ಹಾದು ಮನೆಗೆ ಹೋದರೆ ಯಾರಿಗೆ, ಯಾಕೆ ಎಂದು ಎಲ್ಲರಿಗೂ ತಿಳಿಯುತ್ತದೆ. ಇವತ್ತು ಒಯ್ದೇನು, ನಾಳೆ ಒಯ್ದೇನು. ಒಂಬತ್ತನೆಯ ದಿನ ಸಾಂಗ್ಲಿಯಿಂದ ಮದುವೆಯ ಗಾದಿ ಒಯ್ಯಲು ಬಂದವರು ಅದನ್ನು ನೋಡಿ, ಇದೂ ಇರಲಿ ಅಂದರು. ಅವನು ಕೊಟ್ಟ. ಕೊಟ್ಟಾಗ ಹಗುರವೆನ್ನಿಸಿತ್ತು. ಇಪ್ಪತ್ತು ದಿನಕ್ಕೆ, ಎಂಟನೆಯ ತಿಂಗಳಲ್ಲಿ, ಹೆಣ್ಣು ಕೂಸು ಸತ್ತು ಹುಟ್ಟಿತು. ದಿಂಬಿಗೂ ಅದಕ್ಕೂ ಸಂಬಂಧ ಇದೆಯೆಂದು ಆಗ ಯಾರೂ ಅನ್ನಲಿಲ್ಲ, ಸುನಂದಾಳೂ ಅನ್ನಲಿಲ್ಲ. ಇರಲಿಕ್ಕಿಲ್ಲ ಕೂಡ. ಆದರೆ ಹೋದ ವಾರ ಆ ಡಾಕ್ಟರ್ ಹುಡುಗಿ ಸೊಸೆಗೆ ಹೇಳುವ ಮಾತನ್ನು ಅವನ ಕಿವಿಗೂ ಹಾಕಿದ್ದಳು, ಅದು ಒಳಗಿಳಿದು ಕುಳಿತುಬಿಟ್ಟಿತ್ತು. ಒಂಬತ್ತು ವರ್ಷದ ಮೇಲೆ ಶುಭಮ ಹೊಟ್ಟೆಯಲ್ಲಿದ್ದಾಗ ಸುನಂದಾ ಐದನೆಯ ತಿಂಗಳಿಗೇ ತವರಿಗೆ ಹೋದವಳು ಕೂಸಿಗೆ ಆರು ತಿಂಗಳಾಗುವವರೆಗೆ ತಿರುಗಿ ಬಂದಿರಲಿಲ್ಲ. ಅಷ್ಟು ಬೇಗ ಯಾಕೆ ಹೋಗುತ್ತೀ ಎಂದು ಅವನು ಕೇಳಿರಲಿಲ್ಲ.

“ನೆನಪೈತಿ ನಿನಗ,” ಎಂದ ಗುರುಪಾದ.

“ಅಕ್ಕಾರು ಈ ಅಂಗಡಿಂದ ಕೇಳಿದ್ದು ಅದೊಂದ ಅಲ್ಲೇನ್ರಿ. ನಾನರ ಮನಿಗೆ ಮುಟ್ಟಿಸಬೇಕಾಗಿತ್ತು ಅಂತ ಅನಸ್ತಿತ್ತು.” ಜಟ್ಟೆಪ್ಪ ಬಟ್ಟೆಗೆ ಕತ್ತರಿ ಹಾಕಿದ. “ಈಗಿಂದು ಗಟ್ಟಿ ಹೊಲಿಗಿ ಹಾಕತೇನಿ, ತಗೋರಿ.”

ಐದು ಗಂಟೆಗೆ ದಿಂಬು ಆಯಿತು. ಜಟ್ಟೆಪ್ಪ ಅದಕ್ಕೊಂದು ಬಿಳಿಯ ಖೋಳ ಹಾಕಿ ಕೊಟ್ಟ. ಗುರುಪಾದ ಅದನ್ನು ಕಾಗದದಲ್ಲಿ ಸುತ್ತಿಸಲಿಲ್ಲ. ಹಾಗೆಯೇ ಬಗಲಲ್ಲಿ ಹಿಡಿದು ಪೇಟೆಗೆ ಇಳಿದ. ಬೂರುಗದ ಅರಳೆಯಾದ್ದರಿಂದ ಭಾರವೇ ಇರಲಿಲ್ಲ. ಪಾತ್ರೆ ಮಾರುವ ಭಾಂಡೆ ಅಂಗಡಿಯ ಶ್ರೀಪಾಲ ಮೆಟ್ಟಿಲ ಮೇಲೆ ನಿಂತು ಹಲ್ಲು ಕಿರಿದ. “ಏನ ಗುರುಪಾದಣ್ಣಾ, ಸ್ವತಾ ಹೊತಗೊಂಡ ಹೊಂಟಿಯಲ್ಲ. ಯಾರಿಗದು?”

“ಸೊಸಿಗೆ,” ಎಂದ ಗುರುಪಾದ. ಶ್ರೀಪಾಲ “ಚಲೋ ಆತು” ಎಂದಷ್ಟೇ ಅಂದು ಒಳಗೆ ತಿರುಗಿದ. ಇಷ್ಟೇ ಇತ್ತು. ಮೂವತ್ತೆಂಟು ವರ್ಷದ ಹಿಂದೆಯೂ ಇಷ್ಟೇ ಇದ್ದಿರಬೇಕು. ಯಾರಿಗೆ ಎಂದು ಒಬ್ಬ ಕೇಳುತ್ತಿದ್ದ, ಹೆಂಡತಿಗೆ ಎನ್ನಬೇಕಾಗಿತ್ತು. ಎದೆಯಲ್ಲಿ ಒಂದು ಗಳಿಗೆ ಏನೋ ಗೆದ್ದ ಹಾಗಾಯಿತು. ಗೆದ್ದದ್ದೇನು, ಬಾಗಿಲು ಹಾಕಿಕೊಂಡವಳಿಗೆ ಈ ದಿಂಬು ಹೇಗೆ ಕಂಡೀತು ಎಂದು ಆಗಲೇ ಹೊಳೆದು ಹೆಜ್ಜೆ ಸಣ್ಣದಾಯಿತು. ನಿನ್ನೆ ಮಲಗಿದ್ದನ್ನು ನಿಂತು ನೋಡಿದ ಮಾವ, ಇವತ್ತು ಮಲಗುವುದಕ್ಕೆ ದಿಂಬು ಹಿಡಿದು ಬರುತ್ತಾನೆ. ತಿರುಗಿ ಹೋಗಿಬಿಡಬೇಕು ಎನ್ನಿಸಿತು. ಆದರೆ ಅಷ್ಟರಲ್ಲಿ ಮನೆ ಬಂದಿತ್ತು, ಮನೆಯ ಮುಂದೆ ಒಂದು ರಿಕ್ಷಾ ನಿಂತಿತ್ತು.

ಪಡಸಾಲೆಯಲ್ಲಿ ಎರಡು ಬ್ಯಾಗು. ಹರಿಪುರದಿಂದ ಬಂದ ಬೀಗತಿ, ಮನಿಷಾಳ ತಾಯಿ, ಸೆರಗು ಹೊದ್ದು ಗೋಡೆಗೆ ಒರಗಿ ಕುಳಿತಿದ್ದಳು. ಪಾಳಿ ಮುಗಿಸಿ ಬಂದ ಶುಭಮ ಕಾರ್ಖಾನೆಯ ಅಂಗಿಯಲ್ಲೇ ನಿಂತಿದ್ದ. ಮನಿಷಾ ಹೊಸ ಸೀರೆ ಉಟ್ಟು ಕುರ್ಚಿಯ ಮೇಲೆ ಕುಳಿತು, ಗುರುಪಾದ ಒಳಗೆ ಬಂದಾಗ ಎದ್ದು ನಿಲ್ಲಲು ಹೋದಳು.

“ಕುಂದ್ರವಾ, ಕುಂದ್ರು,” ಎಂದ ಅವನು.

“ಅಪ್ಪಾ, ಇಕಿಗೆ ಈಗ ತವರಿಗೆ ಹೋಗೂ ಮನಸ್ಸಾಗೇತಿ,” ಎಂದ ಶುಭಮ. “ಮುಂದಿನ ತಿಂಗಳ ಹೋಗೂದಿತ್ತು. ಒಮ್ಮಿಂದೊಮ್ಮೆಲೆ ಇವತ್ತ ಅಂತಾಳ. ಸೆಕಿ ಭಾಳ ಆಗತೈತಂತ ಇಲ್ಲಿ.”

ಅವನಿಗೆ ತಿಳಿದಿಲ್ಲ, ಎಂದುಕೊಂಡ ಗುರುಪಾದ. ಬೀಗತಿಗೆ ತಿಳಿದಿದೆ. ಅವಳು ಅವನ ಮುಖ ನೋಡಲಿಲ್ಲ, ದಿಂಬನ್ನು ನೋಡಿದಳು. ಅವನು ಅದನ್ನು ಬ್ಯಾಗಿನ ಮೇಲೆ ಇಟ್ಟ. “ಇದು ಮನಿಷಾಗ. ಮಗ್ಗಲಾಗಿ ಮಲಗೂದಕ್ಕ.”

“ನಮ್ಮ ಮನ್ಯಾಗೂ ಹಾಸಿಗಿ ದಿಂಬ ಅದಾವ್ರಿ ಬೀಗರ,” ಎಂದಳು ಬೀಗತಿ. ದನಿ ಏರಿಸಲಿಲ್ಲ. ದಿಂಬನ್ನು ಎರಡು ಬೆರಳಿನಿಂದ ಬ್ಯಾಗಿನ ಮೇಲಿಂದ ಸರಿಸಿ ನೆಲಕ್ಕೆ ಇಟ್ಟಳು.

ಶುಭಮ ಒಬ್ಬೊಬ್ಬರ ಮುಖ ನೋಡಿದ. ಇನ್ನು ಸುಮ್ಮನಿದ್ದರೆ ಸಾಕಾಗಿತ್ತು. ರಿಕ್ಷಾ ಹೋಗುತ್ತಿತ್ತು, ಹೆರಿಗೆಯಾಗುತ್ತಿತ್ತು, ತೊಟ್ಟಿಲಿಗೆ ಕರೆಯುತ್ತಿದ್ದರು, ಆ ಮಧ್ಯಾಹ್ನದ ಮಾತನ್ನು ಯಾರೂ ಆಡದೆ ಎಲ್ಲರೂ ಬಾಳಬಹುದಾಗಿತ್ತು. ಸುಮ್ಮನಿದ್ದು ಬಾಳುವುದು ಅವನಿಗೆ ಗೊತ್ತಿದ್ದ ಕೆಲಸ. ಗೋಡೆ ಹಿಡಿದು ನೆಲದ ಮೇಲೆ ಕುಳಿತುಕೊಂಡ.

“ನಿನ್ನೆ ಮಧ್ಯಾಹ್ನ ನಾ ಬಾಗಲದಾಗ ನಿಂತಿದ್ದೆ,” ಎಂದ. “ಅಂಗಾತ ಮಲಗಿದ್ದಿ. ಡಾಕ್ಟರ್ ಬ್ಯಾಡ ಅಂದಿದ್ರು. ಎಬ್ಬಸಬೇಕಂತ ನಿಂತೆ.” ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಬೀಗತಿಯ ಮುಖ ಆಗಲೇ ಸ್ವಲ್ಪ ಸಡಿಲವಾಗಿತ್ತು. “ಎಬ್ಬಸಲಿಲ್ಲ. ಕೂಸು ಹೊರಳೂದು ಕಾಣಸ್ತು. ನೋಡಕೊಂತ ನಿಂತಬಿಟ್ಟೆ. ಎಷ್ಟ ಹೊತ್ತಂತ ನನಗ ಗೊತ್ತಿಲ್ಲ. ಹಂಗ ನಿಲ್ಲಬಾರದಾಗಿತ್ತು. ಅದು ತಪ್ಪು.”

ಶುಭಮ ಹೋಗಿ ಮನಿಷಾಳ ಕುರ್ಚಿಯ ಪಕ್ಕ ನಿಂತ. ಗುರುಪಾದ ನೆಲ ನೋಡುತ್ತಲೇ, ಸುನಂದಾ ದಿಂಬು ಕೇಳಿದ್ದು, ಅದನ್ನು ಮಾಡಿಸಿಯೂ ನಾಚಿಕೆಗೆ ತರದೇ ಇದ್ದದ್ದು, ಮಾರಿದ್ದು, ಕೂಸು ಹೋದದ್ದು ಎಲ್ಲವನ್ನೂ ಹೇಳಿದ. ಒಂದರ ಹಿಂದೆ ಒಂದು ಬರಲಿಲ್ಲ. ಮಾರಿದ್ದನ್ನು ಮೊದಲು ಹೇಳಿ ಕೇಳಿದ್ದನ್ನು ಆಮೇಲೆ ಹೇಳಿದ. ತನಗೊಬ್ಬ ಅಕ್ಕ ಇದ್ದಳೆಂಬುದು ಶುಭಮನಿಗೆ ಇದೇ ಮೊದಲು ತಿಳಿಯುತ್ತಿತ್ತು. “ಅವ್ವ ಒಂದ ದಿನಾನೂ ಹೇಳಲಿಲ್ಲ,” ಎಂದ ಅವನು, ಯಾರಿಗೋ ಅಂದ ಹಾಗೆ.

“ನೀವು ಕೆಮ್ಮಿದಾಗ ನನಗ ಎಚ್ಚರಾಗಿತ್ರಿ ಮಾವಾರ,” ಎಂದಳು ಮನಿಷಾ. ಅವಳದು ಮರಾಠಿ ಬೆರೆತ ತಡವರಿಸುವ ಕನ್ನಡ. ಶಬ್ದ ಹುಡುಕಿ ಹುಡುಕಿ ಆಡಿದಳು. “ಕಣ್ಣ ಮುಚ್ಚಿಕೊಂಡ ಇದ್ದೆ. ಏನರ ಬೇಕಾಗಿರಬೇಕು, ಕರೀತಾರ ಅಂತ ತಡದೆ. ನೀವು ಕರೀಲಿಲ್ಲ, ಹೋಗಲೂ ಇಲ್ಲ. ಆಮ್ಯಾಲ ನನಗ ಅಂಜಿಕಿ ಬಂತು. ಮನಿಷಾ ಅಂತ ಒಮ್ಮೆ ಅಂದಿದ್ರ ಎದ್ದ ಕುಂಡ್ರತಿದ್ದೆ.”

ಮದುವೆಯಾಗಿ ಎರಡು ವರ್ಷದಲ್ಲಿ ತಾನು ಅವಳನ್ನು ಹೆಸರು ಹಿಡಿದು ಕರೆದೇ ಇಲ್ಲ ಎಂಬುದು ಗುರುಪಾದನಿಗೆ ಆಗ ತಿಳಿಯಿತು. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಅವನು ಹೋಗಲಿ ಎಂದು ಅವಳು ಕಾದಿದ್ದಾಳೆ. ಕೂಸು ಅಲುಗಲಿ ಎಂದು ಅವನು ಕಾದಿದ್ದಾನೆ. ಅವಳು ನಿದ್ದೆಯಲ್ಲಿದ್ದಳು ಎಂಬ ಒಂದು ಸಮಾಧಾನವಾದರೂ ಇದುವರೆಗೆ ಅವನಿಗಿತ್ತು.

“ಅಂಗಾತ ಎಚ್ಚರಾದ್ರ ಅಂಜಬ್ಯಾಡ, ಹೊರಳಿ ಮತ್ತ ಮಗ್ಗಲಾದ್ರ ಆತು, ಅಂತನೂ ಡಾಕ್ಟರ್ ಹೇಳಿದ್ರಿ,” ಎಂದಳು ಮನಿಷಾ. “ನೀವು ಅಷ್ಟರಾಗ ಹೊರಗ ಹೋಗಿದ್ರಿ.”

ಬೀಗತಿ ಎದ್ದಳು. “ಹೊತ್ತಾತು,” ಎಂದಳು. ಮನಿಷಾ ಇರುತ್ತೇನೆ ಅನ್ನಲಿಲ್ಲ. ಅನ್ನಬಹುದೇನೋ ಎಂದು ಗುರುಪಾದನೊಳಗೆ ಯಾವುದೋ ಒಂದು ಆಸೆ ಕಾದಿತ್ತು. ಇಷ್ಟೆಲ್ಲ ಹೇಳಿದ್ದು ಅದಕ್ಕೇ ಏನೋ ಎಂದು ನಾಚಿಕೆಯಾಯಿತು. ಶುಭಮ ಬ್ಯಾಗುಗಳನ್ನು ರಿಕ್ಷಾದಲ್ಲಿಟ್ಟು ಬಂದು, ನೆಲದ ಮೇಲಿದ್ದ ದಿಂಬನ್ನು ಯಾರನ್ನೂ ಕೇಳದೆ ಎತ್ತಿಕೊಂಡು ಹೋದ. ಬೀಗತಿ ಬೇಡವೆನ್ನಲಿಲ್ಲ. ಮನಿಷಾ ಸೊಂಟಕ್ಕೆ ಕೈಕೊಟ್ಟು ನಿಧಾನಕ್ಕೆ ಹತ್ತಿ ಕುಳಿತು, ಪಕ್ಕದಲ್ಲಿ ನಿಂತಿದ್ದ ಗುರುಪಾದನ ಕಡೆ ತಿರುಗಿದಳು.

“ಆ ಕೂಸಿಗೆ ಏನಂತಿದ್ರಿ? ಹೆಸರು?”

“ನಾ ಏನೂ ಅನ್ನಲಿಲ್ಲವಾ. ಅಪ್ಪ ಒಯ್ದು ಮಣ್ಣ ಮಾಡಿ ಬಂದ. ನಾ ಅವತ್ತ ಅಂಗಡಿ ತಗದಿದ್ದೆ.”

“ಅತ್ತಿಯಾರು?”

“ಅಕಿ ಏನರ ಅಂತಿದ್ದಿರಬೇಕು,” ಎಂದ ಗುರುಪಾದ. “ನಾ ಕೇಳಲಿಲ್ಲ.”

ಬೀಗತಿ ರಿಕ್ಷಾದೊಳಗಿನಿಂದ ಬಾಗಿ “ಬರ್ತೇವ್ರಿ” ಎಂದಳು, ಆಡಬೇಕಾದ ಮಾತು ಎಂದು. “ಹೋಗಿ ಬರ್ರಿ” ಎಂದ ಅವನೂ. ರಿಕ್ಷಾ ಸಾಂಗ್ಲಿ ರಸ್ತೆಯ ಕಡೆ ತಿರುಗಿತು, ಶುಭಮ ತಂದೆಗೆ ಒಂದು ಮಾತೂ ಹೇಳದೆ ಗಾಡಿ ಚಾಲೂ ಮಾಡಿ ಅದರ ಹಿಂದೆ ಹೋದ.

ಗುರುಪಾದ ಒಳಗೆ ಹೋಗಲಿಲ್ಲ. ಮನೆಗೆ ಕೀಲಿ ಹಾಕಿ ಪೇಟೆಯ ಕಡೆ ನಡೆದ. ದೀಪ ಹಚ್ಚುವ ಹೊತ್ತಾಗಿರಲಿಲ್ಲ, ಬಿಸಿಲು ಇನ್ನೂ ಮಾಳಿಗೆಯ ಮೇಲಿತ್ತು. ಜಟ್ಟೆಪ್ಪ ಅಂಗಡಿ ಗುಡಿಸಿ, ಮೈಮೇಲಿನ ಅರಳೆ ಝಾಡಿಸಿಕೊಂಡು, ಷಟರಿನ ಹಿಡಿಕೆಗೆ ಕೈ ಹಾಕಿದ್ದ.

“ಜಟ್ಟೆಪ್ಪಾ, ಅವತ್ತ ಅಪ್ಪನ ಜೋಡಿ ಯಾರ ಹೋಗಿದ್ರು? ಕೂಸಿನ ತಗೊಂಡು?”

ಜಟ್ಟೆಪ್ಪ ಹಿಡಿಕೆ ಬಿಟ್ಟು ಅವನ ಕಡೆ ತಿರುಗಿದ. “ನಾ ಹೋಗಿದ್ನ್ರಿ. ತಗ್ಗ ತಗದಾಂವ ನಾನ.”

“ಎಲ್ಲಿ?”

ಜಟ್ಟೆಪ್ಪ ಷಟರು ಎಳೆದು, ಬಾಗಿ ಕೀಲಿ ಹಾಕಿ, ಕೀಲಿಕೈಯನ್ನು ಅವನ ಕೈಗೆ ಕೊಟ್ಟ.

“ಬರ್ರಿ,” ಎಂದು ಮುಂದೆ ಹೊರಟ. “ದೂರ ಏನಿಲ್ರಿ.”